ಉಚಿತ ಸಾಗಣೆ ಏಕಿಲ್ಲ? ಉಪ್ಪಿನಕಾಯಿ ಕೊಳ್ಳುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಶಿರಸಿಯ ಹತ್ತಿರದ ಹಳ್ಳಿಯೊಂದರಿಂದ ನಾವು ಅಪ್ಪೆಮಿಡಿ ಎಂಬ ಎಳೆ ಮಾವಿನಕಾಯಿಯ ಉಪ್ಪಿನಕಾಯಿಯನ್ನೂ ಹಲಸಿನ ಹಪ್ಪಳವನ್ನೂ ಊರೂರಿಗೆ ಕಳಿಸುತ್ತೇವೆ. ಅತ್ತಿಗೆ ಮಿಡಿ ಹಾಕುತ್ತಾರೆ. ಕಟ್ಟುವುದು, ವಿಳಾಸ ಬರೆಯುವುದು, ಲೆಕ್ಕ ಇಡುವುದು ನನ್ನ ಪಾಲು. ಮಿಡಿಗೆ ಸೊನೆಯ ಪರಿಮಳ ಇದೆಯೇ, ಎಷ್ಟು ವರ್ಷ ಕೆಡದೆ ಇರುತ್ತದೆ ಎಂದು ಯಾರಾದರೂ ಕೇಳಲಿ ಎಂದು ಅತ್ತಿಗೆ ಕಾಯುತ್ತಾರೆ. ಕರೆ ಮಾಡುವವರು ಮೊದಲು ಕೇಳುವುದು ‘ಡೆಲಿವರಿ ಫ್ರೀ ಅಲ್ಲವೇ?’ ಎಂದು. ಫೋನಿನಲ್ಲಿ ಉತ್ತರಿಸಿ ಗಂಟಲು ಒಣಗಿದ ಮೇಲೆ ಇದನ್ನು ಬರೆದಿಟ್ಟಿದ್ದೇನೆ.

ಸಾಗಣೆ ವೆಚ್ಚವನ್ನು ಬೇರೆಯಾಗಿ ಏಕೆ ಕೇಳುತ್ತೀರಿ?

ಬೇರೆಯಾಗಿ ಕೇಳದಿದ್ದರೆ ಬೆಲೆಯೊಳಗೆ ಸೇರಿಸಿ ಕೇಳಬೇಕಾಗುತ್ತದೆ. ಲಾರಿಗೆ ಡೀಸೆಲ್ ಯಾರೂ ಪುಕ್ಕಟೆ ಹಾಕುವುದಿಲ್ಲ.

ಒಂದು ಭರಣಿಯ ಲೆಕ್ಕವನ್ನೇ ನೋಡಿ. ಮನೆಬಾಗಿಲಿಗೆ ಬಂದವರಿಗೆ ಅರ್ಧ ಕಿಲೋ ಮಿಡಿ ಉಪ್ಪಿನಕಾಯಿಗೆ ನಮ್ಮ ಬೆಲೆ ₹260. ಅದನ್ನು ಗಾಜಿನ ಭರಣಿಗೆ ತುಂಬಿ, ಮುಚ್ಚಳಕ್ಕೆ ಟೇಪು ಸುತ್ತಿ, ಗುಳ್ಳೆ ಪ್ಲಾಸ್ಟಿಕ್ ಹೊದಿಸಿ, ದಪ್ಪ ರಟ್ಟಿನ ಪೆಟ್ಟಿಗೆಯಲ್ಲಿಟ್ಟು ತಕ್ಕಡಿಯ ಮೇಲೆ ಇಟ್ಟರೆ 930 ಗ್ರಾಂ ತೋರಿಸುತ್ತದೆ. ಕೊರಿಯರ್‌ನವರು ಅರ್ಧರ್ಧ ಕಿಲೋದ ಮೆಟ್ಟಿಲಿನಲ್ಲಿ ಲೆಕ್ಕ ಹಾಕುತ್ತಾರೆ, ಹಾಗಾಗಿ 930 ಗ್ರಾಂ ಅವರ ಪಾಲಿಗೆ ಪೂರ್ತಿ ಒಂದು ಕಿಲೋ. ಅದಕ್ಕೆ ನಮಗೆ ಬೀಳುವ ದರ ಕರ್ನಾಟಕದೊಳಗೆ ₹70, ದೆಹಲಿಗೆ ₹130, ಗುವಾಹಟಿಗೆ ₹160. ಪೆಟ್ಟಿಗೆ, ಟೇಪು, ಗುಳ್ಳೆ ಪ್ಲಾಸ್ಟಿಕ್ ಸೇರಿ ₹30. ಆಗ ಹುಬ್ಬಳ್ಳಿಯವರಿಗೆ ಒಟ್ಟು ₹360, ದೆಹಲಿಯವರಿಗೆ ₹420, ಗುವಾಹಟಿಯವರಿಗೆ ₹450 ಆಗುತ್ತದೆ.

‘ಎಲ್ಲರಿಗೂ ಸಾಗಣೆ ಉಚಿತ’ ಎಂದು ಬರೆಯಬೇಕಾದರೆ ಎಲ್ಲರಿಗೂ ಒಂದೇ ಬೆಲೆ ಇಡಬೇಕು. ₹360 ಇಟ್ಟರೆ ದೆಹಲಿಗೆ ಕಳಿಸಿದಾಗಲೆಲ್ಲ ನಮಗೆ ₹60 ನಷ್ಟ. ₹420 ಇಟ್ಟರೆ ಹುಬ್ಬಳ್ಳಿಯವರು ದೆಹಲಿಯವರ ಸಾಗಣೆಗೂ ₹60 ಕೊಟ್ಟಂತೆ. ನಮ್ಮ ಗಿರಾಕಿಗಳಲ್ಲಿ ಹೆಚ್ಚಿನವರು ಹುಬ್ಬಳ್ಳಿ, ಬೆಂಗಳೂರು, ಮೈಸೂರಿನವರು. ಪಕ್ಕದ ಜಿಲ್ಲೆಯವರಿಂದ ವಸೂಲಿ ಮಾಡಿ ದೂರದವರಿಗೆ ದಾನ ಮಾಡುವುದು ನನಗೆ ಸರಿ ಕಾಣಲಿಲ್ಲ.

ದೊಡ್ಡ ಆನ್‌ಲೈನ್ ಮಾರಾಟ ತಾಣಗಳು ಉಚಿತವಾಗಿ ಕಳಿಸುತ್ತವಲ್ಲ, ಅವುಗಳಿಗೆ ಹೇಗೆ ಸಾಧ್ಯ?

ಅಲ್ಲಿ ಸಾಗಣೆಯ ಹಣವನ್ನು ಕೊಡುವವರು ಬಹುತೇಕ ಮಾರಾಟಗಾರರು. ನಾವೂ ಒಂದು ವರ್ಷ ಅಂಥ ತಾಣದಲ್ಲಿ ಮಾರಿದ್ದೇವೆ. ಹೆಸರು ಬೇಡ. ಅಲ್ಲಿ ಇದೇ ಭರಣಿಗೆ ₹449 ಬೆಲೆ ಇಟ್ಟು, ಕೆಳಗೆ ಹಸಿರು ಅಕ್ಷರದಲ್ಲಿ ‘ಉಚಿತ ಡೆಲಿವರಿ’ ಎಂದು ಬರೆಸಿಕೊಂಡಿದ್ದೆವು. ಒಂದು ಭರಣಿ ಮಾರಾಟವಾದರೆ ತಾಣದ ಕಮಿಷನ್ ಮತ್ತು ಇತರ ನಿಗದಿತ ಶುಲ್ಕ ಸೇರಿ ₹75, ಸಾಗಣೆಗೆ ₹95, ಈ ಎರಡರ ಮೇಲೆ ಶೇ. 18 ಜಿಎಸ್‌ಟಿ ಸುಮಾರು ₹31. ಅಲ್ಲಿಗೆ ₹201 ಹೋಯಿತು. ಪೆಟ್ಟಿಗೆಯ ₹30 ಕಳೆದರೆ ಕೈಗೆ ಬಂದದ್ದು ₹218.

ಮನೆಬಾಗಿಲಿನ ಬೆಲೆ ₹260 ಎಂಬುದನ್ನು ನೆನಪಿಡಿ. ಕೊಂಡವರು ₹189 ಹೆಚ್ಚು ಕೊಟ್ಟರು, ನಮಗೆ ₹42 ಕಡಿಮೆ ಸಿಕ್ಕಿತು. ಆದರೂ ಕೊಂಡವರೊಬ್ಬರು ‘ಸಾಗಣೆ ಉಚಿತ, ತುಂಬಾ ಸಂತೋಷ’ ಎಂದು ಐದು ನಕ್ಷತ್ರ ಕೊಟ್ಟಿದ್ದರು. ಅದನ್ನು ಅತ್ತಿಗೆಗೆ ಓದಿ ಹೇಳಿದೆ. ‘ಉಪ್ಪಿನಕಾಯಿ ಹೇಗಿತ್ತು ಎಂದು ಬರೆದಿಲ್ಲವೇ?’ ಎಂದು ಕೇಳಿದರು. ಬರೆದಿರಲಿಲ್ಲ.

ದೊಡ್ಡವರಿಗೆ ಕೊರಿಯರ್ ದರ ನಮಗಿಂತ ಬಹಳ ಕಡಿಮೆ ಬೀಳುತ್ತದೆ ಎಂಬುದನ್ನೂ ಹೇಳಬೇಕು. ದಿನಕ್ಕೆ ಲಕ್ಷಗಟ್ಟಲೆ ಪಾರ್ಸೆಲ್ ಕಳಿಸುವವರ ಗೋದಾಮು ಗಿರಾಕಿಯ ಊರಿನ ಹತ್ತಿರವೇ ಇರುತ್ತದೆ. ಒಂದೇ ಬೀದಿಗೆ ಇಪ್ಪತ್ತು ಪೊಟ್ಟಣ ಹಂಚಿದರೆ ಪ್ರತಿಯೊಂದಕ್ಕೂ ಬೀಳುವ ಖರ್ಚು ಇಳಿಯುತ್ತದೆ. ಇದು ನಿಜವಾದ ಉಳಿತಾಯ, ಅದರಲ್ಲಿ ಮೋಸವಿಲ್ಲ. ಕಮಿಷನ್ ತೆಗೆದುಕೊಳ್ಳದ ತಾಣಗಳೂ ಇವೆ. ಆದರೆ ಅವುಗಳಿಗೂ ಸಾಗಣೆಯ ಶುಲ್ಕದಿಂದಲೋ, ಹುಡುಕಿದಾಗ ಮೊದಲು ಕಾಣಿಸಲು ಮಾರಾಟಗಾರರು ಕೊಡುವ ಜಾಹೀರಾತಿನ ಹಣದಿಂದಲೋ ಆದಾಯ ಬರಲೇಬೇಕು. ಕೊನೆಗೆ ಅದೂ ಸಾಮಾನಿನ ಬೆಲೆಯನ್ನೇ ಸೇರುತ್ತದೆ.

400 ಗ್ರಾಂ ಪೊಟ್ಟಣ ಏಕೆ ಮಾಡುವುದಿಲ್ಲ? ಬೇರೆಯವರು ಮಾಡುತ್ತಾರಲ್ಲ?

ಒಳ್ಳೆಯ ಪ್ರಶ್ನೆ. ಪ್ಲಾಸ್ಟಿಕ್ ಚೀಲದಲ್ಲಿ 400 ಗ್ರಾಂ ತುಂಬಿದರೆ ಎಲ್ಲ ಸೇರಿ 500 ಗ್ರಾಂನೊಳಗೆ ನಿಲ್ಲುತ್ತದೆ, ಕೊರಿಯರ್‌ನ ಕೆಳಗಿನ ಮೆಟ್ಟಿಲಿಗೆ ಇಳಿಯುತ್ತದೆ. ಅರ್ಧ ಕಿಲೋ ತುಂಬಿದರೆ ಮೇಲಿನ ಮೆಟ್ಟಿಲು. ಉಚಿತ ಸಾಗಣೆ ಕೊಡಬೇಕೆಂದವರು ನೂರು ಗ್ರಾಂ ಕಡಿಮೆ ತುಂಬಿ ಬೆಲೆಯನ್ನು ಹಾಗೆಯೇ ಇಡುತ್ತಾರೆ. ತೂಕ ಪೊಟ್ಟಣದ ಮೇಲೆ ಅಚ್ಚಾಗಿರುತ್ತದೆ, ಸುಳ್ಳೇನೂ ಇಲ್ಲ, ಆದರೆ ಓದುವವರು ಯಾರು? ನಾವೂ ಯೋಚಿಸಿದ್ದೆವು. ಖಾರ, ಉಪ್ಪು ತುಂಬಿದ ಮಿಡಿಯನ್ನು ಪ್ಲಾಸ್ಟಿಕ್ಕಿಗೆ ಹಾಕಲು ಅತ್ತಿಗೆ ಒಪ್ಪಲಿಲ್ಲ. ಚರ್ಚೆ ಅಲ್ಲಿಗೆ ಮುಗಿಯಿತು.

₹499ಕ್ಕಿಂತ ಹೆಚ್ಚು ಕೊಂಡರೆ ಉಚಿತ ಎನ್ನುತ್ತಾರಲ್ಲ, ಅದರಲ್ಲಿ ಲಾಭ ಇದೆಯಲ್ಲವೇ?

ಬೇಕಾದ ಸಾಮಾನೇ ₹499 ದಾಟಿದರೆ ಲಾಭ ಇದೆ. ದಾಟದಿದ್ದಾಗ ಏನಾಗುತ್ತದೆ ಎಂಬುದಕ್ಕೆ ನಾನೇ ಸಾಕ್ಷಿ. ಕಳೆದ ಮಳೆಗಾಲದಲ್ಲಿ ಮಿಕ್ಸರ್ ಜಾರಿನ ಬ್ಲೇಡು ತರಿಸಬೇಕಾಗಿತ್ತು. ಬೆಲೆ ₹430, ಸಾಗಣೆಗೆ ₹40. ‘ಇನ್ನು ₹69ರ ಸಾಮಾನು ಸೇರಿಸಿದರೆ ಉಚಿತ’ ಎಂದು ತೆರೆಯ ಮೇಲೆ ಬಂತು. ಮುಕ್ಕಾಲು ಗಂಟೆ ಹುಡುಕಿ ₹99ಕ್ಕೆ ಮೂರು ಜೊತೆ ಕಾಲುಚೀಲ ಸೇರಿಸಿದೆ. ₹470ಕ್ಕೆ ಮುಗಿಯುತ್ತಿದ್ದ ವ್ಯವಹಾರ ₹529ಕ್ಕೆ ಹೋಯಿತು. ಮಲೆನಾಡಿನ ಮಳೆಗಾಲದಲ್ಲಿ ಕಾಲುಚೀಲ ಹಾಕಿಕೊಂಡು ಅಂಗಳಕ್ಕೆ ಇಳಿಯುವ ಬುದ್ಧಿವಂತರು ಯಾರೆಂದು ನನಗೆ ಗೊತ್ತಿಲ್ಲ. ಅವು ಇನ್ನೂ ಕಪಾಟಿನಲ್ಲೇ ಇವೆ.

ಆ ₹499 ಎಂಬ ಗೆರೆಯನ್ನು ಸುಮ್ಮನೆ ಎಳೆದಿರುವುದಿಲ್ಲ. ಸಾಮಾನ್ಯ ಗಿರಾಕಿ ಒಮ್ಮೆಗೆ ಕೊಳ್ಳುವ ಮೊತ್ತಕ್ಕಿಂತ ಸ್ವಲ್ಪ ಮೇಲೆ, ಕೈಗೆಟುಕುವಷ್ಟು ಎತ್ತರದಲ್ಲಿ ಇಟ್ಟಿರುತ್ತಾರೆ.

‘ಉಚಿತ’ ಎಂಬ ಪದಕ್ಕೆ ಅಷ್ಟು ಶಕ್ತಿ ಇದೆಯೇ?

ಫ್ರಾನ್ಸಿನಲ್ಲಿ ಈ ಪದದ ಜೊತೆ ಸರ್ಕಾರವೇ ಕುಸ್ತಿ ಆಡಿದೆ. ಸಣ್ಣ ಪುಸ್ತಕದಂಗಡಿಗಳನ್ನು ಉಳಿಸಲು, ಆನ್‌ಲೈನಿನಲ್ಲಿ ಪುಸ್ತಕವನ್ನು ಉಚಿತವಾಗಿ ಕಳಿಸಬಾರದು ಎಂದು 2014ರಲ್ಲಿ ಅಲ್ಲಿ ಕಾಯ್ದೆ ಬಂತು. ಅಮೆಜಾನ್ ಸಾಗಣೆ ಶುಲ್ಕವನ್ನು ಒಂದು ಸೆಂಟ್, ಅಂದರೆ ಯೂರೋದ ನೂರನೇ ಒಂದು ಭಾಗ ಎಂದು ನಿಗದಿ ಮಾಡಿತು. ಕಾನೂನನ್ನು ಪಾಲಿಸಿದಂತೆಯೂ ಆಯಿತು, ಕೈಕೊಟ್ಟಂತೆಯೂ ಆಯಿತು. ಕೊನೆಗೆ 2023ರ ಅಕ್ಟೋಬರ್‌ನಿಂದ 35 ಯೂರೋಗಿಂತ ಕಡಿಮೆ ಮೊತ್ತದ ಪುಸ್ತಕಗಳಿಗೆ ಕನಿಷ್ಠ 3 ಯೂರೋ ಸಾಗಣೆ ಶುಲ್ಕ ಕಡ್ಡಾಯವಾಯಿತು. ನಮ್ಮ ಊರಿನ ಕಿರಾಣಿ ಅಂಗಡಿಯವರಿಗೆ ಈ ಸುದ್ದಿ ಹೇಳಿದೆ. ‘ಅಂಥ ಸರ್ಕಾರ ನಮಗೂ ಒಂದು ಬರಲಿ’ ಎಂದರು.

ವಾರ್ಷಿಕ ಸದಸ್ಯತ್ವ ತೆಗೆದುಕೊಂಡರೆ ಸಾಗಣೆ ನಿಜವಾಗಿಯೂ ಉಚಿತವೇ?

ಮುಂಗಡವಾಗಿ ಕೊಟ್ಟ ಹಣವನ್ನು ಉಚಿತ ಎನ್ನುವುದು ಹೇಗೆ? ಅಮೆಜಾನ್ ಅಮೆರಿಕದಲ್ಲಿ 2005ರಲ್ಲಿ ವರ್ಷಕ್ಕೆ 79 ಡಾಲರ್‌ಗೆ ಪ್ರೈಮ್ ಎಂಬ ಸದಸ್ಯತ್ವ ಆರಂಭಿಸಿತು, ಭಾರತಕ್ಕೆ ಅದು 2016ರಲ್ಲಿ ಬಂತು. ಇಲ್ಲಿ ₹999 ಇದ್ದ ವಾರ್ಷಿಕ ಶುಲ್ಕ 2021ರ ಡಿಸೆಂಬರ್‌ನಲ್ಲಿ ₹1,499ಕ್ಕೆ ಏರಿತು. ಒಂದು ಸಾಗಣೆಗೆ ₹40 ಎಂದು ಹಿಡಿದರೂ ಅಷ್ಟು ಹಣ ಹುಟ್ಟಬೇಕಾದರೆ ವರ್ಷಕ್ಕೆ 38 ಬಾರಿ ತರಿಸಬೇಕು. ಅದರ ಜೊತೆಗೇ ಸಿಗುವ ಸಿನಿಮಾ ನೋಡುವವರ ಲೆಕ್ಕ ಬೇರೆ. ಹಣ ಕಟ್ಟಿಯಾಗಿದೆಯಲ್ಲ ಎಂದು ಎಲ್ಲವನ್ನೂ ಅಲ್ಲಿಯೇ ತರಿಸುವ ಅಭ್ಯಾಸ ಬೀಳುತ್ತದೆ. ಇನ್ನೊಂದು ಕಡೆ ಅದೇ ಸಾಮಾನು ₹100 ಕಡಿಮೆಗೆ ಇದೆಯೇ ಎಂದು ನೋಡುವ ಗೋಜಿಗೇ ನಾವು ಹೋಗುವುದಿಲ್ಲ. ಸದಸ್ಯತ್ವದ ದೊಡ್ಡ ಬೆಲೆ ಅದು ಎಂದು ನನ್ನ ಅಭಿಪ್ರಾಯ.

ಸಾಗಣೆ ಉಚಿತ ಎಂದಿದ್ದರೂ ಕೊನೆಯಲ್ಲಿ ಹ್ಯಾಂಡ್ಲಿಂಗ್ ಶುಲ್ಕ, ಪ್ಲಾಟ್‌ಫಾರ್ಮ್ ಶುಲ್ಕ ಎಂದೆಲ್ಲ ಬರುತ್ತದೆ. ಇದಕ್ಕೆ ಕಾನೂನು ಇಲ್ಲವೇ?

ಇದೆ. 2020ರ ಜುಲೈನಲ್ಲಿ ಜಾರಿಗೆ ಬಂದ ಇ-ವಾಣಿಜ್ಯ ನಿಯಮಗಳ ಪ್ರಕಾರ ಒಟ್ಟು ಬೆಲೆಯನ್ನು ಒಂದೇ ಮೊತ್ತವಾಗಿ ತೋರಿಸಬೇಕು. ಅದರಲ್ಲಿ ಸಾಗಣೆ, ಅಂಚೆ, ನಿರ್ವಹಣೆ, ತೆರಿಗೆ ಎಷ್ಟೆಷ್ಟು ಎಂಬ ವಿವರವೂ ಇರಬೇಕು. ಮೊದಲೇ ಗುರುತು ಹಾಕಿದ ಚೌಕವನ್ನು ನಿಮ್ಮ ಒಪ್ಪಿಗೆ ಎಂದು ಪರಿಗಣಿಸುವಂತಿಲ್ಲ. 2023ರ ನವೆಂಬರ್ 30ರಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು ಗ್ರಾಹಕರನ್ನು ದಾರಿತಪ್ಪಿಸುವ 13 ಬಗೆಯ ತಂತ್ರಗಳನ್ನು ನಿಷೇಧಿಸಿ ಮಾರ್ಗಸೂಚಿ ಹೊರಡಿಸಿತು. ಮೊದಲು ಕಡಿಮೆ ಬೆಲೆ ತೋರಿಸಿ, ಹಣ ಕಟ್ಟುವ ಹಂತದಲ್ಲಿ ಒಂದೊಂದೇ ಶುಲ್ಕವನ್ನು ತೊಟ್ಟಿಕ್ಕಿಸುವುದು ಆ 13ರಲ್ಲಿ ಒಂದು. ಕೇಳದ ವಸ್ತುವನ್ನೋ ದೇಣಿಗೆಯನ್ನೋ ಬುಟ್ಟಿಗೆ ಸದ್ದಿಲ್ಲದೆ ಸೇರಿಸುವುದು ಇನ್ನೊಂದು. ಮನೆಗೆ ತಲುಪಿದ ಮೇಲೆ ಹಣ ಕೊಡುವವರಿಂದ ಹೆಚ್ಚುವರಿ ಶುಲ್ಕ ವಸೂಲಿ ಮಾಡುತ್ತಾರೆ ಎಂಬ ದೂರುಗಳ ಬಗ್ಗೆ ತನಿಖೆ ನಡೆಸುವುದಾಗಿ, ನಮ್ಮ ಧಾರವಾಡದ ಸಂಸದರೂ ಆದ ಕೇಂದ್ರ ಸಚಿವ ಪ್ರಹ್ಲಾದ ಜೋಶಿ 2025ರ ಅಕ್ಟೋಬರ್‌ನಲ್ಲಿ ಹೇಳಿದ್ದರು.

ಬಿಲ್ಲಿನ ಕೊನೆಯ ಸಾಲಿನ ಮೊತ್ತಕ್ಕೂ ಮೊದಲ ಪುಟದ ಬೆಲೆಗೂ ತಾಳೆಯಾಗದಿದ್ದರೆ ತೆರೆಯ ಚಿತ್ರ ತೆಗೆದಿಟ್ಟುಕೊಂಡು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ.

ತಲುಪಿದ ಮೇಲೆ ಹಣ ಕೊಡುವ ವ್ಯವಸ್ಥೆ ನಿಮ್ಮಲ್ಲಿ ಏಕಿಲ್ಲ?

ಮೊದಲು ಇತ್ತು. ಫ್ಲಿಪ್‌ಕಾರ್ಟ್ 2010ರಲ್ಲಿ ಈ ವ್ಯವಸ್ಥೆ ತಂದ ಮೇಲೆ ದೇಶಕ್ಕೇ ಅದು ರೂಢಿಯಾಯಿತು. ಕಾರ್ಡ್ ಇಲ್ಲದವರಿಗೆ, ಕಾಣದ ಅಂಗಡಿಗೆ ಮುಂಗಡ ಕೊಡಲು ಹೆದರುವವರಿಗೆ ಅದು ನಿಜವಾದ ಉಪಕಾರ. ಆದರೆ ಸಾಮಾನು ಬಾಗಿಲಿಗೆ ಬಂದಾಗ ‘ಮನೆಯಲ್ಲಿ ಯಾರೂ ಇಲ್ಲ’, ‘ಈಗ ಬೇಡ’ ಎನ್ನುವವರಿಗೆ ಏನೂ ಖರ್ಚಿಲ್ಲ. ನಮಗೆ ಹೋಗುವ ದಾರಿಯದೂ ಬರುವ ದಾರಿಯದೂ ಬಾಡಿಗೆ ಬೀಳುತ್ತದೆ.

ಒಮ್ಮೆ ಆರು ಭರಣಿಯ ಪೆಟ್ಟಿಗೆಯೊಂದು ದೂರದ ಊರಿಗೆ ಹೋಗಿ, ಮೂರು ಬಾರಿ ಬಾಗಿಲು ತಟ್ಟಿ, ಹತ್ತೊಂಬತ್ತು ದಿನಗಳ ಮೇಲೆ ನಮ್ಮಲ್ಲಿಗೇ ವಾಪಸು ಬಂತು. ಪೆಟ್ಟಿಗೆಯ ಒಂದು ಮೂಲೆ ಕೆಂಪಗಾಗಿತ್ತು. ಬಿಚ್ಚಿ ನೋಡಿದರೆ ಎರಡು ಭರಣಿ ಒಡೆದು, ಸಾಸಿವೆಯ ಖಾರ ಉಳಿದ ನಾಲ್ಕರ ಚೀಟಿಗೂ ಮೆತ್ತಿತ್ತು. ಮಾರುವಂತಿರಲಿಲ್ಲ. ಒಡೆಯದ ನಾಲ್ಕನ್ನು ಒರೆಸಿ ಊರವರಿಗೆ ಹಂಚಿದೆವು. ಬಿಸಾಡಿದ ಎರಡರಲ್ಲಿದ್ದದ್ದು ಜೀರಿಗೆ ಅಪ್ಪೆಯ ಮಿಡಿ, ಕೈಗೆ ಹಚ್ಚಿದರೆ ಜೀರಿಗೆಯ ವಾಸನೆ ಬರುವಂಥದು, ಆ ವರ್ಷ ಮರವೇ ಕಡಿಮೆ ಬಿಟ್ಟಿತ್ತು. ಅತ್ತಿಗೆ ಎರಡು ದಿನ ಸರಿಯಾಗಿ ಮಾತಾಡಲಿಲ್ಲ. ಆ ನಷ್ಟವನ್ನು ಹೊರಬೇಕಾದವರು ಯಾರು? ಬೆಲೆ ಏರಿಸಿದರೆ ಮುಂದಿನ ಸಜ್ಜನ ಗಿರಾಕಿ ಹೊರುತ್ತಾರೆ. ಉಚಿತ ವಾಪಸಾತಿ ಎಂಬುದೂ ಇದೇ ಜಾತಿಯದು. ಮೂರು ಅಳತೆಯ ಅಂಗಿ ತರಿಸಿ ಎರಡನ್ನು ಹಿಂದಿರುಗಿಸುವವರ ಬಾಡಿಗೆಯನ್ನು ಒಂದೇ ತರಿಸಿ ಇಟ್ಟುಕೊಳ್ಳುವವರು ಕೊಡುತ್ತಾರೆ.

ಹಪ್ಪಳ ಹಗುರ ಅಲ್ಲವೇ? ಅದಕ್ಕೆ ಉಪ್ಪಿನಕಾಯಿಗಿಂತ ಹೆಚ್ಚು ಸಾಗಣೆ ಏಕೆ?

ಕೊರಿಯರ್‌ನವರು ತೂಕವನ್ನು ಮಾತ್ರ ನೋಡುವುದಿಲ್ಲ, ಲಾರಿಯಲ್ಲಿ ಎಷ್ಟು ಜಾಗ ಹಿಡಿಯುತ್ತದೆ ಎಂದೂ ನೋಡುತ್ತಾರೆ. ಪೆಟ್ಟಿಗೆಯ ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರ್‌ನಲ್ಲಿ ಗುಣಿಸಿ, ಸಾಮಾನ್ಯವಾಗಿ 5,000ದಿಂದ ಭಾಗಿಸಿದರೆ ಬರುವುದು ‘ಗಾತ್ರದ ತೂಕ’. ನಿಜವಾದ ತೂಕಕ್ಕೂ ಇದಕ್ಕೂ ಯಾವುದು ಹೆಚ್ಚೋ ಅದಕ್ಕೆ ದರ. ಹಲಸಿನ ಹಪ್ಪಳ ಮುರಿಯದಂತೆ ಸುತ್ತಲೂ ಕಾಗದ ತುರುಕಿ ಕಟ್ಟಿದ ನಮ್ಮ ದೊಡ್ಡ ಪೆಟ್ಟಿಗೆ 30, 30, 20 ಸೆಂಟಿಮೀಟರ್ ಅಳತೆಯದು. ಲೆಕ್ಕ ಹಾಕಿದರೆ 3.6 ಕಿಲೋ. ತಕ್ಕಡಿಯಲ್ಲಿ ಅದು 1.3 ಕಿಲೋ ದಾಟುವುದಿಲ್ಲ. ಅಂದರೆ ಎರಡು ಕಿಲೋಗೂ ಹೆಚ್ಚು ಗಾಳಿಗೆ ಬಾಡಿಗೆ ಕೊಡುತ್ತೇವೆ.

ನಮ್ಮ ಹಳ್ಳಿಗೆ ಕಳಿಸುತ್ತೀರಾ?

ಅಂಚೆ ಬರುವ ಊರಿಗೆಲ್ಲ ಕಳಿಸುತ್ತೇವೆ. ಖಾಸಗಿ ಕೊರಿಯರ್‌ನವರ ಉಚಿತ ಸಾಗಣೆ ಎಷ್ಟೋ ಹಳ್ಳಿಗಳಲ್ಲಿ ಡಾಂಬರು ರಸ್ತೆಯ ತುದಿಗೇ ನಿಲ್ಲುತ್ತದೆ. ‘ಸರ್ಕಲ್ ಹತ್ತಿರ ಇದ್ದೇನೆ, ಬಂದು ತೆಗೆದುಕೊಳ್ಳಿ’ ಎಂಬ ಕರೆ ನಮ್ಮ ಊರಿನವರಿಗೆಲ್ಲ ಪರಿಚಿತ. ಹೋಗಿಬರುವ ಪೆಟ್ರೋಲು, ಬಿಟ್ಟುಹೋಗುವ ತೋಟದ ಕೆಲಸ ಯಾವ ಬಿಲ್ಲಿನಲ್ಲೂ ಬರುವುದಿಲ್ಲ. ಪಿನ್‌ಕೋಡ್ ಹಾಕಿದ ಕೂಡಲೇ ‘ಈ ಸ್ಥಳಕ್ಕೆ ಸೇವೆ ಇಲ್ಲ’ ಎನ್ನುವ ತಾಣಗಳೂ ಇವೆ. ಹತ್ತು ಭರಣಿಗಿಂತ ಹೆಚ್ಚಿದ್ದರೆ ಬಸ್ಸಿಗೆ ಹಾಕಿ ಕಳಿಸುವುದು ಅಗ್ಗ. ಕೆಎಸ್‌ಆರ್‌ಟಿಸಿ 2021ರಲ್ಲಿ ‘ನಮ್ಮ ಕಾರ್ಗೋ’ ಆರಂಭಿಸಿದೆ. ಬಸ್ ನಿಲ್ದಾಣಕ್ಕೆ ನೀವೇ ಬಂದು ಬಿಡಿಸಿಕೊಳ್ಳುವುದಾದರೆ ಕರೆ ಮಾಡಿ ತಿಳಿಸಿ.

ಕನ್ನಡ ಪುಸ್ತಕ ತರಿಸುವಾಗಲೂ ಸಾಗಣೆಯೇ ದುಬಾರಿ. ಅಲ್ಲಿಯೂ ಇದೇ ಕಥೆಯೇ?

ಇದು ನಮ್ಮ ವ್ಯಾಪಾರವಲ್ಲ, ಆದರೂ ಕೇಳುವವರಿದ್ದಾರೆ. ಪುಸ್ತಕಕ್ಕೆ ಅಂಚೆ ಇಲಾಖೆ ಅಗ್ಗದ ದರ ಕೊಡುತ್ತಿದ್ದುದರಿಂದ ಸಣ್ಣ ಪ್ರಕಾಶಕರು ಬದುಕಿದ್ದರು. ಆ ನೋಂದಾಯಿತ ಬುಕ್‌ಪೋಸ್ಟ್ 2024ರ ಡಿಸೆಂಬರ್‌ನಲ್ಲಿ ಏಕಾಏಕಿ ನಿಂತಿತು. 2025ರ ಮೇ 1ರಿಂದ ‘ಜ್ಞಾನ ಪೋಸ್ಟ್’ ಬಂದಿದೆ. 300 ಗ್ರಾಂವರೆಗೆ ₹20, ಐದು ಕಿಲೋಗೆ ₹100, ತೆರಿಗೆ ಬೇರೆ. ನೆಲದ ಮೇಲಿನ ಸಾಗಣೆಯಾದ್ದರಿಂದ ತಲುಪುವುದು ನಿಧಾನ. ಅವಸರವಿಲ್ಲದಿದ್ದರೆ ಪ್ರಕಾಶಕರನ್ನೇ ಕೇಳಿ ಇದರಲ್ಲಿ ತರಿಸಿಕೊಳ್ಳಿ.

ಅಮೆರಿಕದಲ್ಲಿರುವ ಮಗಳಿಗೆ ಕಳಿಸಬಹುದೇ?

ಸದ್ಯ ಇಲ್ಲ. 800 ಡಾಲರ್‌ವರೆಗಿನ ಪಾರ್ಸೆಲ್‌ಗಳಿಗೆ ಅಲ್ಲಿದ್ದ ಸುಂಕ ವಿನಾಯಿತಿ 2025ರ ಆಗಸ್ಟ್ 29ಕ್ಕೆ ಕೊನೆಗೊಂಡಿತು. ‘ವಿದೇಶಕ್ಕೂ ಸಾಗಣೆ ಉಚಿತ’ ಎನ್ನುವವರಿಂದ ಕೊಳ್ಳುವುದಾದರೆ ಸುಂಕ ಯಾರದು ಎಂದು ಮೊದಲೇ ಕೇಳಿ. ಸಾಗಣೆ ಉಚಿತವಾದ ಮಾತ್ರಕ್ಕೆ ಸುಂಕ ಉಚಿತವಲ್ಲ.

ಸಾಗಣೆ ಅಗ್ಗವಾದರೆ ಯಾರಿಗಾದರೂ ತೊಂದರೆ ಇದೆಯೇ?

ಮೆಟ್ಟಿಲು ಹತ್ತಿ ಬರುವ ಹುಡುಗನಿಗೆ ಪೊಟ್ಟಣಕ್ಕೆ ಇಷ್ಟು ಎಂದು ಕೂಲಿ. ಸಾಗಣೆಗೆ ಗಿರಾಕಿ ಹಣ ಕೊಡುವುದಿಲ್ಲ ಎಂದಾದ ಮೇಲೆ ಮೊದಲು ಹಿಂಡುವುದು ಆ ಕೂಲಿಯನ್ನು. ಕರ್ನಾಟಕ 2025ರಲ್ಲಿ ಗಿಗ್ ಕಾರ್ಮಿಕರಿಗಾಗಿ, ಅಂದರೆ ಇವನಂತೆ ಆ್ಯಪ್ ಮೂಲಕ ಬಿಡಿ ಕೆಲಸ ಮಾಡುವವರಿಗಾಗಿ, ಕಾಯ್ದೆ ತಂದಿದೆ. ಪ್ರತಿ ವ್ಯವಹಾರದಲ್ಲಿ ಕಾರ್ಮಿಕರಿಗೆ ಕೊಡುವ ಮೊತ್ತದ ಶೇ. 1ರಿಂದ 5ರಷ್ಟನ್ನು ಕಂಪನಿಗಳು ಕಲ್ಯಾಣ ಶುಲ್ಕವಾಗಿ ಕಟ್ಟಬೇಕು. ಅದನ್ನೂ ಕಂಪನಿಗಳು ಇನ್ನೊಂದು ಹೆಸರಿನಲ್ಲಿ ನಿಮ್ಮ ಬಿಲ್ಲಿಗೆ ಸೇರಿಸಬಹುದು. ಸೇರಿಸಿದರೆ ಕೊಡಿ. ಕಾಲುಚೀಲಕ್ಕೆ ₹99 ಕೊಟ್ಟ ನಾನು ಇಷ್ಟಂತೂ ಹೇಳಬಲ್ಲೆ.

ಹಾಗಾದರೆ ನಿಮ್ಮಲ್ಲಿ ಸಾಗಣೆ ಖರ್ಚು ಕಡಿಮೆ ಮಾಡಿಕೊಳ್ಳುವುದು ಹೇಗೆ?

ಅಕ್ಕಪಕ್ಕದ ಮನೆಯವರು ಸೇರಿ ಒಟ್ಟಿಗೆ ತರಿಸಿ. ಒಂದು ಭರಣಿಗೆ ಕರ್ನಾಟಕದೊಳಗೆ ₹70 ಬಿದ್ದರೆ, ನಾಲ್ಕನ್ನು ಒಂದೇ ಪೆಟ್ಟಿಗೆಯಲ್ಲಿ ಕಳಿಸಲು ₹170 ಬೀಳುತ್ತದೆ, ಅಂದರೆ ತಲಾ ₹43ಕ್ಕೂ ಕಡಿಮೆ. ಬೆಂಗಳೂರಿನ ಒಂದು ಅಪಾರ್ಟ್‌ಮೆಂಟಿನವರು ವರ್ಷಕ್ಕೊಮ್ಮೆ ಮೇ ತಿಂಗಳಲ್ಲಿ ಎಲ್ಲರ ಪಟ್ಟಿ ಮಾಡಿ ಕಳಿಸುತ್ತಾರೆ. ಅವರಿಗೆ ಬಸ್ಸಿನಲ್ಲಿಯೇ ಹಾಕುತ್ತೇವೆ. ವಾರಕ್ಕೊಂದು ಭರಣಿ ತರಿಸುವವರೂ ಇದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ, ಮಿಡಿ ಕೆಡುವುದಿಲ್ಲ.

ನಾವೇ ಶಿರಸಿಯ ಕಡೆ ಬಂದರೆ?

ಮಾರಿಕಾಂಬೆಯ ದರ್ಶನಕ್ಕೋ, ಸಹಸ್ರಲಿಂಗಕ್ಕೋ ಬಂದಾಗ ಹಿಂದಿನ ದಿನ ಕರೆ ಮಾಡಿ, ದಾರಿ ಹೇಳುತ್ತೇವೆ. ನಿಮ್ಮ ಭರಣಿ ನೀವೇ ತಂದರೆ ₹260ರಲ್ಲಿ ₹20 ಕಡಿಮೆ. ಬಿಸಿಲಿಗಿಟ್ಟು ಒಣಗಿಸಿ ತನ್ನಿ. ಅತ್ತಿಗೆ ಒಳಗೆ ಬೆರಳಾಡಿಸಿ ನೋಡುತ್ತಾರೆ, ಒಂದು ಹನಿ ನೀರು ಸಿಕ್ಕಿದರೂ ತುಂಬಿಸಿ ಕೊಡುವುದಿಲ್ಲ.